ವಾಪಸು ಪಡೆದ ಕೆಂಪು ಪುಸ್ತಕ

ಸ್ತಾರುವೆಕ್, ಕಾರ್ಖಾನೆಯ ಒಳಗಿನಿಂದ
27 ಆಗಸ್ಟ್ 1980

ಅಪ್ಪಾ,

ಈ ಚೀಟಿಯನ್ನು ಗೇಟಿನ ಸರಳುಗಳ ಸಂದಿಯಿಂದ ಪಕ್ಕದ ಮನೆಯ ಗೆರ್ತ್ರೂದಾಳ ಕೈಗೆ ಕೊಡುತ್ತಿದ್ದೇನೆ. ನಾವು ಮುಷ್ಕರಕ್ಕೆ ಕೂತು ಇವತ್ತಿಗೆ ಆರು ದಿನ. ಊಟಕ್ಕೇನೂ ತೊಂದರೆಯಿಲ್ಲ. ಊರಿನ ಹೆಂಗಸರು ಬಾಟಲಿಗಳಲ್ಲಿ ಬೀಟ್‌ರೂಟ್ ಸಾರು ತುಂಬಿಸಿ ತಂದು ಗೇಟಿನ ಮೇಲಿಂದ ಕೊಡುತ್ತಾರೆ. ನಾನು ಮಲಗುವುದು ನನ್ನ ಕ್ರೇನಿನ ಗೂಡಿನಲ್ಲೇ. ಅಷ್ಟು ಎತ್ತರದಿಂದ ನೋಡಿದರೆ ಡೈರೆಕ್ಟರ್ ಸಾಹೇಬರೂ ಕಸ ಗುಡಿಸುವವರೂ ಒಂದೇ ಗಾತ್ರ ಕಾಣುತ್ತಾರೆ.

ನಿನ್ನ ಕುಲುಮೆ ವಿಭಾಗದವರು ದಿನಾ ನನ್ನನ್ನು ಕೆಣಕುತ್ತಾರೆ. "ಏನಮ್ಮಾ, ನಿಮ್ಮಪ್ಪ ಮೇಸ್ತ್ರಿ ಎಲ್ಲಿ? ಮನೇಲಿ ಕೂತು ಕೆಂಪು ಪುಸ್ತಕಕ್ಕೆ ಕಾವು ಕೊಡ್ತಿದಾರಾ?" ಅಂತ. ನಾನೂ ನಗುತ್ತೇನೆ. ಆದರೆ ನಾಚಿಕೆಯಾಗುತ್ತದೆ ಅಪ್ಪಾ, ಸುಳ್ಳು ಯಾಕೆ ಹೇಳಲಿ. ಇಪ್ಪತ್ತೆಂಟು ವರ್ಷದಿಂದ ಆಳುವ ಪಕ್ಷದ ಸದಸ್ಯ ಅನ್ನುವ ಆ ಪುಸ್ತಕವನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಅಮ್ಮ ಆಸ್ಪತ್ರೆಯ ಓಣಿಯಲ್ಲಿ ಮಲಗಿದ್ದಾಗ ಅದು ಒಂದು ಹಾಸಿಗೆ ಕೊಡಿಸಿತೇ? ನಾವು ಕೇಳುತ್ತಿರುವುದು ಅಂಥ ದೊಡ್ಡದೇನಲ್ಲ. ಪಕ್ಷ ಕಟ್ಟಿಕೊಟ್ಟ ಸಂಘ ಬೇಡ, ನಾವೇ ಆರಿಸಿಕೊಂಡ ಸಂಘ ಬೇಕು. ನೀನು ಗೇಟಿನ ಹತ್ತಿರ ಬಂದು ಕೈ ಬೀಸಿ ಹೋಗಿದ್ದರೂ ಸಾಕಾಗಿತ್ತು.

ಕಿಂಗಾ ಹಾಲು ಕುಡಿಯಲು ಹಟ ಮಾಡಿದರೆ ಬಿಟ್ಟುಬಿಡು, ಹಸಿವಾದಾಗ ತಾನೇ ಕೇಳುತ್ತಾಳೆ. ಅವಳಪ್ಪನ ಬಗ್ಗೆ ಕೇಳಿದರೆ ಎಂದಿನ ಉತ್ತರ ಕೊಡು: ಹಡಗು ಹತ್ತಿದವನು ಇನ್ನೂ ಇಳಿದಿಲ್ಲ.

ನಿನ್ನ ಮೊಂಡು ಮಗಳು,
ಇರ್ಮಿನಾ


ಸ್ತಾರುವೆಕ್
20 ಡಿಸೆಂಬರ್ 1981

ಪೋಲಾ ಅಕ್ಕಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಈಗ ಎಲ್ಲ ಪತ್ರಗಳನ್ನೂ ಒಡೆದು ಓದುತ್ತಾರೆ. ನಿಮ್ಮ ಹಳ್ಳಿಗೆ ಬರುವ ಹಾಲಿನ ಲಾರಿಯವನು ತಂದುಕೊಡುತ್ತಾನೆ. ಉತ್ತರವನ್ನೂ ಅವನ ಕೈಗೇ ಕೊಡು.

ದೇಶದಲ್ಲಿ ಯುದ್ಧಸ್ಥಿತಿ ಅಂತ ಸಾರಿ ಸೈನ್ಯ ಅಧಿಕಾರ ಹಿಡಿದದ್ದು ನಿನಗೂ ಗೊತ್ತಾಗಿರುತ್ತದೆ. ಕಳೆದ ಭಾನುವಾರ ಬೆಳಕು ಹರಿಯುವ ಮೊದಲೇ ಇರ್ಮಿನಾಳನ್ನು ಕರೆದುಕೊಂಡು ಹೋದರು. ಮುಷ್ಕರದ ನಂತರ ಅವರು ಕಟ್ಟಿಕೊಂಡ ಸಾಲಿಡಾರಿಟಿ ಸಂಘದ ಕಾರ್ಖಾನೆ ಸಮಿತಿಯಲ್ಲಿದ್ದ ಹತ್ತು ಜನರಲ್ಲಿ ಒಂಬತ್ತು ಜನ ಒಳಗಿದ್ದಾರೆ. ಬಂದ ಪೊಲೀಸರಲ್ಲಿ ಒಬ್ಬ ನನ್ನ ಕೈಕೆಳಗೆ ಕುಲುಮೆಯಲ್ಲಿ ಕೆಲಸ ಕಲಿತವನು. "ಮೇಸ್ತ್ರೀ, ಅವ್ರಿಗೆ ದಪ್ಪ ಕಾಲುಚೀಲ ಹಾಕ್ಕೊಳ್ಳೋಕೆ ಹೇಳಿ," ಎಂದ. ನಾನೇ ಹುಡುಕಿ ಕೊಟ್ಟೆ. ಕಿಂಗಾ ಎದ್ದಾಗ ಅಮ್ಮ ಕೆಲಸಕ್ಕೆ ಹೋಗಿದ್ದಾಳೆ ಎಂದೆ. ಭಾನುವಾರವಾ ಅಂತ ಕೇಳಿದಳು. ಹೌದು ಎಂದೆ.

ಇನ್ನೊಂದು ಸಂಗತಿ. ಗುರುವಾರ ಪಾಳಿ ಮುಗಿಸಿ ಪಕ್ಷದ ಕಚೇರಿಗೆ ಹೋದೆ. ಕಾರ್ಯದರ್ಶಿ ಓಲ್ಶಾಕ್ ಚಹಾ ಕುಡಿಯುತ್ತಿದ್ದ. ಅವನ ಮೇಜಿನ ಮೇಲೆ ಕೆಂಪು ಪುಸ್ತಕ ಇಟ್ಟೆ.

"ಏನಿದು ವಾಲೆಂಟಿ?"

"ಪುಸ್ತಕ."

"ಗೊತ್ತು ಮಾರಾಯ, ನಂಗೂ ಕಣ್ಣಿದೆ. ಚಳಿಗೆ ತಲೆ ಕೆಟ್ಟಿದೆ ನಿಂಗೆ. ಜೇಬಿಗೆ ಹಾಕ್ಕೊಂಡು ಮನೆಗೆ ಹೋಗು, ನಾನೇನೂ ನೋಡಿಲ್ಲ."

ನಾನು ತೆಗೆದುಕೊಳ್ಳದೆ ಬಂದುಬಿಟ್ಟೆ. ಹಗುರಾಗುತ್ತದೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ. ಬಸ್ಸಿಗೆ ಕಾದೆ, ಬಸ್ಸು ಬಂತು, ಹತ್ತಿದೆ, ಅಷ್ಟೇ. ಇರ್ಮಿನಾ ಹದಿನಾರು ತಿಂಗಳಿಂದ ನನ್ನ ಮುಖ ಸರಿಯಾಗಿ ನೋಡಿರಲಿಲ್ಲ. ಅವಳಿಗೆ ಇದನ್ನು ನನ್ನ ಬಾಯಲ್ಲೇ ಹೇಳಬೇಕು, ಎದುರಿಗೆ ಕೂತು. ಅಲ್ಲಿಯವರೆಗೆ ನೀನು ಎಲ್ಲೂ ಬಾಯಿ ಬಿಡಬೇಡ.

ನಿನ್ನ ತಮ್ಮ,
ವಾಲೆಂಟಿ


ಸರೋವರದ ವಿಶ್ರಾಂತಿಗೃಹ, ಕೋಣೆ 14
17 ಜನವರಿ 1982

ಪ್ರೀತಿಯ ಅಪ್ಪಾ,

ಈ ಪತ್ರವನ್ನು ನಿನಗಿಂತ ಮೊದಲು ಓದುವ ಮಹಾಶಯರಿಗೆ ನಮಸ್ಕಾರ. ಅವರಿಗೆ ನನ್ನ ಅಕ್ಷರ ಅರ್ಥವಾಗದಿದ್ದರೆ ಕನ್ನಡಕ ಬದಲಿಸಲಿ.

ನಮ್ಮನ್ನು ಜೈಲಿನಿಂದ ಇಲ್ಲಿಗೆ ತಂದಿದ್ದಾರೆ. ಬೇಸಗೆಯಲ್ಲಿ ದೊಡ್ಡ ಸಾಹೇಬರ ಮಕ್ಕಳು ರಜಕ್ಕೆ ಬರುತ್ತಿದ್ದ ಜಾಗವಂತೆ. ಕಿಟಕಿಯಿಂದ ಹೆಪ್ಪುಗಟ್ಟಿದ ಸರೋವರ, ಕಾವಲುಗಾರರು, ಅವರ ನಾಯಿ ಕಾಣುತ್ತದೆ. ನನಗೇನೂ ಅನ್ನಿಸುವುದಿಲ್ಲ. ಗಂಟೆ ಹೊಡೆದರೆ ಏಳುತ್ತೇವೆ, ಇನ್ನೊಂದು ಗಂಟೆ ಹೊಡೆದರೆ ಮಲಗುತ್ತೇವೆ. ಅಳು ಬಂದರೆ ಒಳ್ಳೆಯದಿತ್ತು ಅನ್ನಿಸಿ ಒಂದು ದಿನ ಅಳಲು ಕೂತೆ, ಬರಲಿಲ್ಲ.

ವಾರಕ್ಕೊಮ್ಮೆ ಒಬ್ಬ ಅಧಿಕಾರಿ ಕರೆಸುತ್ತಾನೆ. ಮೇಜಿನ ಮೇಲೆ ಅದೇ ಕಾಗದ: ಸಂಘದ ಕೆಲಸ ಬಿಟ್ಟೆ, ಸರ್ಕಾರ ಹೇಳಿದಂತೆ ನಡೆಯುತ್ತೇನೆ. ಸಹಿ ಹಾಕಿದರೆ ಮರುದಿನ ಮನೆಗೆ. ಈಗ ಅವನು ಮಕ್ಕಳ ವಿಷಯ ಶುರು ಮಾಡಿದ್ದಾನೆ. ಒಳಗಿರುವ ಹೆಂಗಸರ ಮಕ್ಕಳನ್ನು ಸರ್ಕಾರಿ ಅನಾಥಾಲಯಕ್ಕೆ ಸೇರಿಸುತ್ತಾರಂತೆ. ನನ್ನ ಪಕ್ಕದ ಹಾಸಿಗೆಯ ಲುದ್ವಿಕಾಳ ಮಗ ನೆರೆಯವರ ಮನೆಯಲ್ಲಿದ್ದ, ಒಯ್ದುಬಿಟ್ಟರು. ಅವಳು ಅವತ್ತೇ ಸಹಿ ಹಾಕಿದಳು. ಹೋಗುವಾಗ ನಮ್ಮ ಮುಖ ನೋಡದೆ ಗಂಟು ಕಟ್ಟಿದಳು. ನಾನು ಅವಳ ಗಂಟಿಗೆ ಹಗ್ಗ ಬಿಗಿದು ಕೊಟ್ಟೆ. ಮಗುವಿಗಾಗಿ ಹಾಕಿದ ಸಹಿಗೆ ಯಾರು ಏನು ಅನ್ನಲಾದೀತು?

ನನ್ನ ಸರದಿ ಬಂದಾಗ ಅವನು, "ನಿಮಗೂ ಆರು ವರ್ಷದ ಮಗಳಿದ್ದಾಳಲ್ವಾ?" ಎಂದ. ನಾನು ಏನಂದೆ ಗೊತ್ತಾ? "ಇದಾಳೆ. ಇಪ್ಪತ್ತೊಂಬತ್ತು ವರ್ಷದಿಂದ ಪಕ್ಷದಲ್ಲಿರೋರ ಮನೇಲಿದಾಳೆ. ಮುಟ್ಟಿ ನೋಡಿ." ಅವನು ಕಾಗದ ಮಡಚಿಕೊಂಡ.

ಎಷ್ಟು ಹಂಗಿಸಿದ್ದೆನಲ್ಲ ಅಪ್ಪಾ ನಿನ್ನ ಆ ಪುಸ್ತಕವನ್ನು. ಈಗ ಅದು ನಿನ್ನ ಜೇಬಿನಲ್ಲಿದೆ ಅನ್ನುವ ಧೈರ್ಯದ ಮೇಲೆ ನಾನು ಸಹಿ ಹಾಕದೆ ಕೂತಿದ್ದೇನೆ. ಕಿಂಗಾ ಬೇರೆಲ್ಲಾದರೂ ಇದ್ದಿದ್ದರೆ ನಾನೂ ಮೊದಲ ವಾರವೇ ಹಾಕಿಬಿಡುತ್ತಿದ್ದೆ. ಅದನ್ನು ಜೋಪಾನವಾಗಿಟ್ಟುಕೋ.

ಕಿಂಗಾಳಿಗೆ ಎರಡು ಕೆನ್ನೆಗೂ ಮುತ್ತು. ಈ ಸಲ ನಿನಗೂ ಒಂದು.

ಇರ್ಮಿನಾ


ಸ್ತಾರುವೆಕ್
31 ಜನವರಿ 1982

ಪ್ರೀತಿಯ ಇರ್ಮಿನಾ,

ನಿನ್ನ ಪತ್ರ ಬಂತು. ಕಿಂಗಾಳ ಕೆಳಗಿನ ಹಲ್ಲು ಬಿದ್ದಿದೆ. ಬೆಂಕಿಪೊಟ್ಟಣದಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಎಲ್ಲರಿಗೂ ತೋರಿಸಿ ಬಂದಳು. ಮಾಂಸದಂಗಡಿಯ ಸಾಲಿನಲ್ಲಿ ಗೆರ್ತ್ರೂದಾ ನನಗೂ ಸೇರಿಸಿ ಜಾಗ ಹಿಡಿಯುತ್ತಾಳೆ. ಶನಿವಾರ ಮೂಳೆ ಸಿಕ್ಕಿತು, ಸಾರು ಮಾಡಿದೆ. ಹಿಮ ಮೊಣಕಾಲುದ್ದ ಇದೆ. ದಪ್ಪ ಕಾಲುಚೀಲ ಇನ್ನೊಂದು ಜೊತೆ ಕಳಿಸಿದ್ದೇನೆ.

ನೀನು ಬರೆದ ವಿಷಯ ಓದಿದೆ. ಮಗುವಿನ ಚಿಂತೆ ಮಾಡಬೇಡ.

ಅಪ್ಪ


ಸ್ತಾರುವೆಕ್
14 ಫೆಬ್ರವರಿ 1982

ಅಕ್ಕಾ,

ಮೊನ್ನೆ ಮಕ್ಕಳ ರಕ್ಷಣೆಯ ಕಚೇರಿಯಿಂದ ಒಬ್ಬಾಕೆ ಬಂದಿದ್ದಳು. ಕೆಟ್ಟವಳೇನಲ್ಲ. ಒಳಗೆ ಬರುವ ಮುನ್ನ ಬೂಟಿನ ಹಿಮ ಒದರಿಕೊಂಡಳು. ಬೀರು ತೆಗೆದು ನೋಡಿದಳು, ಹಾಸಿಗೆ ಮುಟ್ಟಿ ನೋಡಿದಳು, ಕಿಂಗಾಳನ್ನು ತಾತ ಏನು ಅಡುಗೆ ಮಾಡುತ್ತಾರೆ ಅಂತ ಕೇಳಿದಳು. "ಸಾರು," ಅಂದಿತು ಮಗು. "ಮತ್ತೆ?" "ನಾಳೇನೂ ಸಾರೇ."

ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು ಹೇಳಿದಳು. "ನೋಡಿ ಸಾರ್, ನಿಮ್ಗೆ ಅರವತ್ತೊಂದು. ಹೆಂಡ್ತಿ ಇಲ್ಲ. ಮೇಸ್ತ್ರಿ ಕೆಲ್ಸದಿಂದ ಇಳಿಸಿ ಗುಜರಿ ಅಂಗಳಕ್ಕೆ ಹಾಕಿದಾರೆ. ಪಕ್ಷದಿಂದ ನಿಮ್ಮ ಬಗ್ಗೆ ಒಳ್ಳೆ ಮಾತು ಬರೆದುಕೊಡೋರು ಯಾರೂ ಇಲ್ಲ. ನಾನೇನು ಬರೀಲಿ ಹೇಳಿ?" ಮಾರ್ಚ್ ಹದಿನೈದಕ್ಕೆ ಕಿಂಗಾಳನ್ನು ಒಯ್ಯುತ್ತಾರೆ. ಜಿಲ್ಲೆಯ ಆಚೆ ತುದಿಯ ಅನಾಥಾಲಯ. ಹಳ್ಳಿಯಲ್ಲಿ ನನ್ನ ಅಕ್ಕ ಇದ್ದಾಳೆ ಎಂದೆ. ವಯಸ್ಸು ಕೇಳಿದಳು. ಎಪ್ಪತ್ತು ಅಂದಾಗ ಪೆನ್ನು ಮುಚ್ಚಿದಳು.

ಇರ್ಮಿನಾ ಬರೆದ ಪತ್ರವನ್ನು ಇದರ ಜೊತೆ ಇಟ್ಟಿದ್ದೇನೆ, ಓದಿ ಹಿಂದಿರುಗಿಸು. ನನ್ನ ಜೇಬಿನಲ್ಲಿ ಇಲ್ಲದ ಪುಸ್ತಕವನ್ನು ನಂಬಿ ಅವಳು ಕೂತಿದ್ದಾಳೆ. ಇಲ್ಲ ಅಂತ ತಿಳಿಸಿದರೆ ಅವತ್ತೇ ಸಹಿ ಹಾಕುತ್ತಾಳೆ. ತಿಳಿಸದಿದ್ದರೆ ಮಗು ಹೋಗುತ್ತದೆ. ಅವಳನ್ನು ಮೆಚ್ಚಿಸಬೇಕು ಅಂತ ಜನ್ಮದಲ್ಲಿ ಒಂದು ಕೆಲಸ ಮಾಡಿದೆ, ಅದೂ ಹೀಗಾಯಿತು.

ವಾಲೆಂಟಿ


ಲಿಪ್ನಿಕಿ
17 ಫೆಬ್ರವರಿ 1982

ವಾಲೆಂಟಿ,

ಓದಿದೆ. ಓದಿ ದನದ ಕೊಟ್ಟಿಗೆಗೆ ಹೋಗಿ ನಿಂತುಬಂದೆ. ಮನೆಯಲ್ಲಿ ಕೂರಲಾಗಲಿಲ್ಲ.

ನೀನು ಚಿಕ್ಕವನಿದ್ದಾಗಲೂ ಹೀಗೇ. ಒಂದು ಒಳ್ಳೆಯ ಕೆಲಸ ಮಾಡಬೇಕಾದರೆ ಯಾರನ್ನೂ ಕೇಳುವುದಿಲ್ಲ, ಆಮೇಲೆ ಎಲ್ಲರನ್ನೂ ಕೇಳುತ್ತೀಯ. ಅವಳಿಗೆ ತಿಳಿಸಿಬಿಡು. ಕಾಗದದ ಮೇಲೆ ಒಂದು ಗೀಟು ತಾನೇ. ಯುದ್ಧದ ಕಾಲದಲ್ಲಿ ನಾವು ಯಾರ್ಯಾರ ಕಾಗದಕ್ಕೆ ಸಹಿ ಹಾಕಿಲ್ಲ? ಸಹಿ ಹಾಕಿ ಮನೆಗೆ ಬಂದು ಮಗಳನ್ನು ಮಡಿಲಲ್ಲಿ ಕೂರಿಸಿಕೊಳ್ಳಲಿ. ನಾಚಿಕೆ ನಾಲ್ಕು ದಿನ ಇರುತ್ತದೆ.

ಬೆಣ್ಣೆ ಕಳಿಸಿದ್ದೇನೆ. ಲಾರಿಯವನು ಅರ್ಧ ನೆಕ್ಕದಿದ್ದರೆ ನಿನಗೆ ಸಿಗುತ್ತದೆ.

ಪೋಲಾ


ಸ್ತಾರುವೆಕ್
9 ಮಾರ್ಚ್ 1982

ಅಕ್ಕಾ,

ಕಿಂಗಾ ಇಲ್ಲೇ ಇರುತ್ತಾಳೆ. ಹೇಗೆ ಅಂತ ನೀನು ಕೇಳುವ ಮೊದಲು ನಾನೇ ಬರೆಯುತ್ತೇನೆ.

ಇರ್ಮಿನಾಳಿಗೆ ಎಂಟು ಸಲ ಪತ್ರ ಶುರು ಮಾಡಿದೆ. "ನನ್ನ ಹತ್ತಿರ ಪುಸ್ತಕ ಇಲ್ಲ" ಅನ್ನುವಲ್ಲಿಗೆ ಬಂದು ಕೈ ನಿಲ್ಲುತ್ತಿತ್ತು. ಕೊನೆಗೆ ಓಲ್ಶಾಕನ ಹತ್ತಿರ ಹೋದೆ. ಬಾಗಿಲಲ್ಲಿ ನಿಂತು, ಪುಸ್ತಕ ವಾಪಸು ಬೇಕು ಎಂದೆ. ಅವನು ನಗಲಿಲ್ಲ. ಡ್ರಾಯರ್ ಎಳೆದ, ಅಲ್ಲೇ ಇತ್ತು. ಮೇಲಿನವರಿಗೆ ಕಳಿಸದೆ ಹಾಗೇ ಇಟ್ಟುಕೊಂಡಿದ್ದನಂತೆ. "ನೀನು ಬರ್ತೀಯ ಅಂತ ಗೊತ್ತಿತ್ತು. ಆದ್ರೆ ಸುಮ್ನೆ ಕೊಡೋಕಾಗಲ್ಲ ವಾಲೆಂಟಿ. ನೀನು ಬಿಟ್ಟುಹೋಗಿದ್ದು ಕಚೇರಿಯ ನಾಲ್ಕು ಜನಕ್ಕಷ್ಟೇ ಗೊತ್ತು. ವಾಪಸು ಬಂದಿದ್ದು ಇಡೀ ಕಾರ್ಖಾನೆಗೆ ಗೊತ್ತಾಗ್ಬೇಕು," ಎಂದ. ಒಂದು ಹಾಳೆ ಕೊಟ್ಟ. ಕಾರ್ಖಾನೆಯ ಧ್ವನಿವರ್ಧಕದಲ್ಲಿ ನಾನೇ ಓದಬೇಕು. ಓದಿದರೆ ಪುಸ್ತಕ, ಮೇಸ್ತ್ರಿ ಕೆಲಸ, ಮಕ್ಕಳ ಕಚೇರಿಗೆ ಒಂದು ಶಿಫಾರಸು ಪತ್ರ. ಮೂರೂ ಒಟ್ಟಿಗೆ.

ಶುಕ್ರವಾರ ಪಾಳಿ ಬದಲಾಗುವ ಹೊತ್ತಿಗೆ ಓದಿದೆ. ಅದೇ ಹೊತ್ತಿಗೆ ಎಲ್ಲ ಸುತ್ತಿಗೆಯಂತ್ರಗಳೂ ನಿಲ್ಲುತ್ತವೆ, ಎರಡೂ ಪಾಳಿಯವರು ಒಳಗಿರುತ್ತಾರೆ. ನಲವತ್ತು ವರ್ಷ ಆ ಸದ್ದನ್ನು ಬೈದವನು ನಾನು. ಅವತ್ತು ಒಂದಾದರೂ ಬಡಿಯುತ್ತಿರಬಾರದೇ ಅನ್ನಿಸಿತು. ಸಂಘದ ಮುಂದಾಳುಗಳು ಕಾರ್ಮಿಕರ ದಾರಿ ತಪ್ಪಿಸಿದರು, ದೇಶವನ್ನು ಹಾಳು ಮಾಡಿದರು, ದಾರಿ ತಪ್ಪಿದವರಲ್ಲಿ ನನ್ನ ಸ್ವಂತ ಮಗಳೂ ಒಬ್ಬಳು, ಅವಳ ಪರವಾಗಿ ನನಗೆ ನಾಚಿಕೆಯಾಗುತ್ತದೆ. ಹೀಗೆ ಒಂದೂವರೆ ಪುಟ. ನಡುವೆ ಧ್ವನಿವರ್ಧಕ ನೋಡಿಕೊಳ್ಳುವ ಹುಡುಗಿ ನೀರು ಕೊಟ್ಟಳು. ಕುಡಿದು ಮುಂದಿನ ಸಾಲು ಓದಿದೆ.

ನಮ್ಮಲ್ಲಿ ಪಾಳಿ ಶುರುವಾಗುವ ಮುನ್ನ ಎಲ್ಲರೂ ಎಲ್ಲರ ಕೈ ಕುಲುಕುತ್ತಾರೆ, ನಿನಗೆ ಗೊತ್ತು. ಮಾತು ಬಿಟ್ಟವರೂ ಕೈ ಕುಲುಕುವುದನ್ನು ಬಿಡುವುದಿಲ್ಲ. ನಿನ್ನೆ ಸೋಮವಾರ ಕುಲುಮೆಗೆ ಮರಳಿದೆ. ಹನ್ನೊಂದು ಜನ. ಒಬ್ಬೊಬ್ಬರ ಮುಂದೆಯೂ ಕೈ ಚಾಚಿದೆ. ಒಬ್ಬ ಕೈಗವಸು ಸರಿಮಾಡಿಕೊಂಡ, ಒಬ್ಬ ಮೂಗು ಒರೆಸಿಕೊಂಡ, ಉಳಿದವರು ಸುಮ್ಮನೆ ನನ್ನ ಕೈಯನ್ನು ನೋಡಿದರು. ಸಾಲದ್ದಕ್ಕೆ ನಿನ್ನೆ ಮಹಿಳಾ ದಿನ. ವಿಭಾಗದ ಹೆಂಗಸರಿಗೆಲ್ಲ ಮೇಸ್ತ್ರಿಯೇ ಹೂ ಕೊಡಬೇಕು. ನಾಲ್ಕು ಹೂಗಳೂ ನನ್ನ ಕೈಯಲ್ಲೇ ಉಳಿದವು. ಕಸ ಗುಡಿಸುವ ಅಜ್ಜಿ ಮಾತ್ರ ಬಾಯಿ ಬಿಟ್ಟು ಹೇಳಿದಳು: "ನಿಮ್ ಮಗ್ಳಿಗೆ ಕಳ್ಸಿ ಸಾರ್, ನಂಗ್ಯಾಕೆ."

ನನಗೆ ದುಃಖವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಮರಗಟ್ಟಿದ ಕೈಗೆ ಸುತ್ತಿಗೆ ಬಿದ್ದ ಹಾಗಿದೆ. ಬಿದ್ದದ್ದು ಗೊತ್ತು, ನೋವು ಮಾತ್ರ ಇನ್ನೂ ಬಂದಿಲ್ಲ.

ಇಂದು ಬೆಳಿಗ್ಗೆ ಆ ಹೆಂಗಸು ಬಂದು, ಮಗು ತಾತನ ಬಳಿ ಇರಬಹುದು ಎಂದು ಬರೆದ ಕಾಗದ ಕೊಟ್ಟುಹೋದಳು.

ವಾಲೆಂಟಿ


ಸರೋವರದ ವಿಶ್ರಾಂತಿಗೃಹ
4 ಏಪ್ರಿಲ್ 1982

ಅಪ್ಪಾ,

ನಮ್ಮ ಕಾರ್ಖಾನೆಯ ಒಬ್ಬರು ತಮ್ಮ ಹೆಂಡತಿಯನ್ನು ನೋಡಲು ಇಲ್ಲಿಗೆ ಬಂದಿದ್ದರು. ಮಾರ್ಚ್ ಐದರಂದು ಧ್ವನಿವರ್ಧಕದಲ್ಲಿ ಬಂದದ್ದನ್ನು ಹೇಳಿದರು. ಬೇರೆ ಯಾರದೋ ಧ್ವನಿ ಇರಬೇಕು ಎಂದೆ. ಮೇಸ್ತ್ರಿಯ ಕೆಮ್ಮು ನಮಗೆ ಗೊತ್ತಿಲ್ಲವೇ ಎಂದರು.

ನೀನು ಪಕ್ಷದಲ್ಲಿರುವುದು ನನಗೆ ಗೊತ್ತಿತ್ತು. ಇಷ್ಟು ದಿನ ನೀನು ಸುಮ್ಮನಿದ್ದೆ, ಆ ಮೌನವನ್ನಾದರೂ ನಾನು ಗೌರವಿಸುತ್ತಿದ್ದೆ. ಈಗ ಕೋಣೆಯ ಹೆಂಗಸರು ನನ್ನ ಮುಂದೆ ಅಪ್ಪಂದಿರ ಮಾತೆತ್ತುವುದಿಲ್ಲ. ಪಾಪ, ಜಾಗ್ರತೆ ವಹಿಸುತ್ತಾರೆ.

ನಾನು ಸಹಿ ಹಾಕಿಲ್ಲ. ಹಾಕುವುದೂ ಇಲ್ಲ. ಕಿಂಗಾಳಿಗೆ ಮುತ್ತು.

ಇರ್ಮಿನಾ


ಸ್ತಾರುವೆಕ್
18 ಏಪ್ರಿಲ್ 1982

ಇರ್ಮಿನಾ,

ಪತ್ರ ಬಂತು. ಕಿಂಗಾಳ ತೂಕ ಒಂದು ಕಿಲೋ ಹೆಚ್ಚಿದೆ. ಈಸ್ಟರಿಗೆ ಪೋಲಾ ಅತ್ತೆ ಮೊಟ್ಟೆ ಕಳಿಸಿದ್ದಳು. ಈರುಳ್ಳಿ ಸಿಪ್ಪೆಯಲ್ಲಿ ಕುದಿಸಿ ಬಣ್ಣ ಹಾಕಿದೆವು. ಚರ್ಚಿನಲ್ಲಿ ನಮ್ಮ ಬೆಂಚಿನಲ್ಲಿ ಜಾಗ ಬೇಕಾದಷ್ಟಿತ್ತು, ಮಗು ಕಾಲು ಚಾಚಿ ಕೂತಿತು.

ಅಪ್ಪ


26 ಜುಲೈ 1982

ಅಪ್ಪಾ,

ಹೊರಗೆ ಬಂದೆ. ಶುಕ್ರವಾರ ನಮ್ಮೆಲ್ಲರನ್ನೂ ಬಿಟ್ಟರು. ಸಹಿ ಕೇಳಲಿಲ್ಲ, ಕಾರಣವೂ ಹೇಳಲಿಲ್ಲ. ಏಳು ತಿಂಗಳು ಹತ್ತು ದಿನ. ಸಹಿ ಹಾಕದೆ ಹೊರಬಂದವರು ನಮ್ಮ ಕೋಣೆಯಲ್ಲಿ ಇಬ್ಬರೇ. ನನ್ನ ಹತ್ತಿರ ಈಗ ಕೆಲಸವಿಲ್ಲ, ಮನೆಯಿಲ್ಲ, ಸಂಘವಿಲ್ಲ. ಇದೊಂದು ಇದೆ.

ಸದ್ಯ ಲುದ್ವಿಕಾಳ ಮನೆಯಲ್ಲಿದ್ದೇನೆ. ಇಲ್ಲೇ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ ಸಿಗುವ ಹಾಗಿದೆ. ಆಗಸ್ಟ್ 14, ಶನಿವಾರ ಬೆಳಗಿನ ರೈಲಿಗೆ ಕಿಂಗಾಳನ್ನು ಕರೆದುಕೊಳ್ಳಲು ಬರುತ್ತೇನೆ. ಮೆಟ್ಟಿಲು ಹತ್ತಿ ಮನೆಗೆ ಬರುವುದಿಲ್ಲ.

ನೀನು ಅನ್ನಬಹುದು, ಸಹಿ ಹಾಕಿದ ಲುದ್ವಿಕಾಳ ಮನೆಯಲ್ಲಿ ಉಣ್ಣುತ್ತೀಯ, ನನ್ನ ಮನೆ ಬೇಡವಾ ಅಂತ. ಅವಳು ಮಗುವಿಗಾಗಿ ಹಾಕಿದಳು. ನೀನು ಯಾವುದಕ್ಕಾಗಿ ಓದಿದೆ? ನನ್ನ ದೆಸೆಯಿಂದ ಹೋಗಿದ್ದ ಮೇಸ್ತ್ರಿ ಕೆಲಸ ವಾಪಸು ಸಿಕ್ಕಿತಂತೆ. ಅದಕ್ಕಾ?

ಒಂದೇ ಪ್ರಶ್ನೆ ಕೇಳುತ್ತೇನೆ. ಅವರು ನಿನ್ನನ್ನು ಏನಾದರೂ ಹೇಳಿ ಹೆದರಿಸಿದರಾ? ಬಲವಂತ ಮಾಡಿದರಾ? ಹೌದು ಅಂತ ಒಂದು ಪದ ಬರೆ. ಏನು ಎತ್ತ ಅಂತ ಕೇಳುವುದಿಲ್ಲ. ಮೆಟ್ಟಿಲು ಹತ್ತಿ ಬಂದು ನಿನ್ನ ಸಾರು ಉಣ್ಣುತ್ತೇನೆ.

ಇರ್ಮಿನಾ


ಲಿಪ್ನಿಕಿ
1 ಆಗಸ್ಟ್ 1982

ವಾಲೆಂಟಿ,

ನೀನು ಕಳಿಸಿದ ಅವಳ ಪತ್ರ ಓದಿದೆ. ಇನ್ನೇನು ಯೋಚನೆ? ಒಂದು ಪದ ಕೇಳಿದ್ದಾಳೆ, ಬರೆದು ಹಾಕು. ನೀನು ಬರೆಯದಿದ್ದರೆ ನಾನು ಬರೆಯುತ್ತೇನೆ. ನನಗೂ ಅಕ್ಷರ ಬರುತ್ತದೆ. ಈ ವಯಸ್ಸಿನಲ್ಲಿ ಒಬ್ಬನೇ ಗೋಡೆ ನೋಡುತ್ತ ಕೂರುವ ಹಟ ಯಾಕೆ? ಅವಳೇನು ಕಲ್ಲಲ್ಲ, ತಿಳಿದರೆ ಓಡಿ ಬರುತ್ತಾಳೆ.

ಪೋಲಾ


ಸ್ತಾರುವೆಕ್
3 ಆಗಸ್ಟ್ 1982

ಅಕ್ಕಾ,

ನೀನು ಬರೆಯಕೂಡದು. ಕೈಮುಗಿದು ಕೇಳುತ್ತೇನೆ.

ಬಲವಂತ ಮಾಡಿದರು ಅಂತ ಬರೆದರೆ ಅವಳು ಮೊದಲು ನಂಬುತ್ತಾಳೆ, ಆಮೇಲೆ ಯೋಚಿಸುತ್ತಾಳೆ. ಏನು ಹೇಳಿ ಹೆದರಿಸಿದರು? ಪಕ್ಷದವನನ್ನು ಯಾಕೆ ಹೆದರಿಸಿದರು? ಒಂದು ವಾರದಲ್ಲಿ ಗೆರ್ತ್ರೂದಾಳನ್ನೋ ಕುಲುಮೆಯವರನ್ನೋ ಕೇಳಿ ತಾರೀಖುಗಳನ್ನು ಜೋಡಿಸುತ್ತಾಳೆ. ಬುದ್ಧಿವಂತೆ. ಆಗ ಅವಳಿಗೆ ತಿಳಿಯುತ್ತದೆ, ಏಳು ತಿಂಗಳು ಅವಳು ಸಹಿ ಹಾಕದೆ ಕೂತದ್ದು ಅವಳ ಬದಲು ನಾನು ಓದಿದ್ದರಿಂದ ಅಂತ. ತನ್ನ ಹತ್ತಿರ ಇದೊಂದು ಇದೆ ಎಂದು ಬರೆದಿದ್ದಾಳೆ, ನೋಡಿದೆಯಲ್ಲ. ಅದನ್ನೂ ತೆಗೆದುಕೊಂಡು ಅವಳನ್ನು ಊಟಕ್ಕೆ ಕರೆಯಲೇ? ಅವಳ ಜೊತೆ ಊಟ ಮಾಡಬೇಕು ಅಂತ ನನಗೆ ಬಹಳ ಆಸೆಯಿದೆ ಅಕ್ಕಾ. ಎಷ್ಟು ಅಂತ ಬರೆಯಲು ಬರುವುದಿಲ್ಲ.

ಇವತ್ತು ಅವಳಿಗೆ ಉತ್ತರ ಹಾಕುತ್ತಿದ್ದೇನೆ. ನಿನ್ನ ಕಾಲಿಗೆ ಎಣ್ಣೆ ಹಚ್ಚಿಕೋ.

ವಾಲೆಂಟಿ


ಸ್ತಾರುವೆಕ್
3 ಆಗಸ್ಟ್ 1982

ಇರ್ಮಿನಾ,

ನೀನು ಹೊರಗೆ ಬಂದದ್ದು ಸಂತೋಷ.

ಹದಿನಾಲ್ಕರಂದು ಗೆರ್ತ್ರೂದಾ ಕಿಂಗಾಳನ್ನು ನಿಲ್ದಾಣಕ್ಕೆ ಕರೆತರುತ್ತಾಳೆ. ನಾನು ಬರುವುದಿಲ್ಲ. ಚಳಿಗಾಲದ ಕೋಟು ಚಿಕ್ಕದಾಗಿದೆ, ತೋಳು ಬಿಚ್ಚಿ ಉದ್ದ ಮಾಡಬಹುದು, ಒಳಗೆ ಬಟ್ಟೆ ಬಿಟ್ಟಿದೆ. ಹಾಲು ಈಗ ಕುಡಿಯುತ್ತಾಳೆ, ಕೆನೆ ಮಾತ್ರ ತೆಗೆಯಬೇಕು. ಮಲಗುವಾಗ ಬಾಗಿಲು ಸ್ವಲ್ಪ ತೆರೆದಿಡು. ಅಮ್ಮ ಬರುವ ಸದ್ದು ಕೇಳಬೇಕು ಅಂತ ಡಿಸೆಂಬರಿನಿಂದ ಅಭ್ಯಾಸ ಮಾಡಿಕೊಂಡಿದ್ದಾಳೆ. ತಾತ ಯಾಕೆ ಬರಲಿಲ್ಲ ಅಂತ ರೈಲಿನಲ್ಲಿ ಕೇಳಿದರೆ, ಪಾಳಿ ಇದೆ ಅಂತ ಹೇಳು.

ನೀನು ಕೇಳಿದ್ದಕ್ಕೆ. ಯಾರೂ ಬಲವಂತ ಮಾಡಲಿಲ್ಲ. ನಾನಾಗಿಯೇ ಓದಿದೆ.

ಅಪ್ಪ